ಕೊರಳು ಹಿಡಿದು ಅಳುವವರು

ನಮ್ಮ ಜನ ಭೇಟಿಯಾದರೆ ಅಳುತ್ತಾರೆ. ಇದನ್ನು ನಾನು ಆಸ್ಪತ್ರೆಯಲ್ಲಿ ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ, ಆಮೇಲೆ "ಖುಷಿಗಾ?" ಅಂತ ಕೇಳುತ್ತಾರೆ. ಖುಷಿಗೂ ಅಲ್ಲ, ಯಾರೋ ಸತ್ತರು ಅಂತಲೂ ಅಲ್ಲ. ಬಹಳ ದಿನದ ಮೇಲೆ ಎದುರಾದ ಇಬ್ಬರು ಲಂಬಾಣಿ ಹೆಂಗಸರು ಒಬ್ಬರ ಕೊರಳು ಒಬ್ಬರು ಹಿಡಿದು, ಭುಜದ ಮೇಲೆ ಗಲ್ಲ ಊರಿ, ರಾಗವಾಗಿ ಅಳುತ್ತಾರೆ. ಆ ಅಳುವಿನಲ್ಲಿ ಮಾತಿರುತ್ತದೆ. ನಮ್ಮ ತಾಂಡಾದಲ್ಲಿ ಅದಕ್ಕೊಂದು ಕ್ರಮವೂ ಇತ್ತು. ಮೊದಲು ತೀರಿಕೊಂಡವರನ್ನು ಹೆಸರು ಹಿಡಿದು ಕರೆಯಬೇಕು, ಆಮೇಲೆ ಬದುಕಿರುವವರ ಸಂಕಟ ಹೇಳಬೇಕು, ಎಲ್ಲ ಮುಗಿದ ಮೇಲೆ ಕಡೆಗೆ ತನ್ನದು. ಅಷ್ಟಾದ ಮೇಲೆ ಮುಖ ತೊಳೆದು, ನೀರು ಕುಡಿದು ಕೂತರೆ ಮತ್ತೆ ಆ ವಿಷಯ ಎತ್ತುವ ಹಾಗಿಲ್ಲ. ರೊಟ್ಟಿ ತಿನ್ನಬೇಕು, ನಗಬೇಕು. ಕಷ್ಟ ಹೇಳುವುದಕ್ಕೆ ಅಳು, ಮಾತಾಡುವುದಕ್ಕೆ ಬೇರೆಯದೆಲ್ಲ. ಒಂದರ ಕೆಲಸವನ್ನು ಇನ್ನೊಂದಕ್ಕೆ ಹಚ್ಚುತ್ತಿರಲಿಲ್ಲ.

ನಾನು ಹುಟ್ಟಿದ್ದು ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಕಡೆಯ ಒಂದು ತಾಂಡಾದಲ್ಲಿ. ಹೆಸರು ರೂಪ್ಲಿಬಾಯಿ. ಈಗ ಹೊಳಲ್ಕೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ರೂಪಾ ಸಿಸ್ಟರ್. ಹೆಸರಿನ ಬಾಲ ಕತ್ತರಿಸಿದ್ದು ಬೇರೆ ಯಾರೂ ಅಲ್ಲ, ನಾನೇ. ನರ್ಸಿಂಗ್ ಓದುವಾಗ ಅರ್ಜಿಯಲ್ಲಿ ಜಾಗ ಸಾಲಲಿಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಜಾಗ ಬೇಕಾದಷ್ಟಿತ್ತು.

ಮದುವೆಯಾಗಿ ಹೊಳಲ್ಕೆರೆಗೆ ಬಂದ ಹೊಸದರಲ್ಲಿ ಒಂದು ವಠಾರದಲ್ಲಿದ್ದೆವು. ನಮ್ಮ ಯಾಡಿ, ಅಂದರೆ ಅವ್ವ, ಮೊದಲ ಸಲ ನನ್ನನ್ನು ನೋಡಲು ಬಂದಳು. ಮೈತುಂಬ ಕನ್ನಡಿ ಹೊಲಿದ ಫೇಟಿಯಾ ಲಂಗ, ಕಾಂಚಳಿ ರವಿಕೆ, ಮೊಣಕೈ ಮೇಲಿನವರೆಗೆ ಬಿಳಿ ಬಳೆ. ಬಾಗಿಲಲ್ಲೇ ನನ್ನ ಕೊರಳು ಹಿಡಿದು ಶುರುಮಾಡಿದಳು. ನಾನೂ ಅತ್ತೆ. ಹತ್ತು ನಿಮಿಷ ಕಳೆದು ಕಣ್ಣೊರೆಸಿಕೊಂಡು ನೋಡಿದರೆ, ವಠಾರದ ಹೆಂಗಸರೆಲ್ಲ ಒಲೆ ಆರಿಸಿ ಬಂದು ನಿಂತಿದ್ದಾರೆ. ಅವರ ಹಿಂದೆ ನಾಲ್ಕು ಜನ ಗಂಡಸರು ಹೆಗಲ ಮೇಲೆ ಟವಲ್ ಹಾಕಿಕೊಂಡು ತಯಾರಾಗಿದ್ದಾರೆ. "ಯಾರು ಹೋಗಿದ್ದು ಸಿಸ್ಟರ್?" ಅಂದ ಒಬ್ಬ. ಯಾರೂ ಹೋಗಿಲ್ಲ, ನಮ್ಮವ್ವ ಬಂದಳು ಅಂದೆ. ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ನಕ್ಕರು ನೋಡಿ, ಇಡೀ ವಠಾರ ನಕ್ಕಿತು.

ಅವರೇನೂ ಕೆಟ್ಟವರಲ್ಲ. ಆದರೆ ಮುಂದೆ ಎರಡು ವರ್ಷ, "ಸಿಸ್ಟರ್, ನಿಮ್ಮಮ್ಮ ಮತ್ಯಾವಾಗ ಬರ್ತಾರೆ? ಟವಲ್ ಒಗೆದು ಇಟ್ಕಂಡೀನಿ" ಅಂತ ನಲ್ಲಿ ಹತ್ತಿರ ಕೇಳುವುದು ನಿಲ್ಲಲಿಲ್ಲ. ನಾನೂ ಅವರ ಜೊತೆ ನಗುತ್ತಿದ್ದೆ. ನಗುತ್ತಾ ನಗುತ್ತಾ ನನಗೆ ಅಳುವುದೆಂದರೆ ನಾಚಿಕೆಯಾಗತೊಡಗಿತು.

ಯಾಡಿ ತೀರಿಕೊಂಡ ಮೇಲೆ ತಾಂಡಾಕ್ಕೆ ಹೋಗುವುದು ಕಮ್ಮಿಯಾಯಿತು. ಹೋದರೂ ಒಂದು ಉಪಾಯ ಕಂಡುಕೊಂಡಿದ್ದೆ. ಬಸ್ಸಿಳಿಯುವಾಗಲೇ ಫೋನನ್ನು ಕಿವಿಗಿಟ್ಟುಕೊಂಡು "ಹಾಂ ಡಾಕ್ಟ್ರೇ, ಹೇಳಿ ಡಾಕ್ಟ್ರೇ" ಅನ್ನುತ್ತಾ ಮನೆಯೊಳಗೆ ನಡೆದುಬಿಡುವುದು. ಆ ಕಡೆ ಯಾರೂ ಇರುತ್ತಿರಲಿಲ್ಲ. ಅಂಗಳದಲ್ಲಿ ಕೈ ಚಾಚಿ ನಿಂತ ನನ್ನಕ್ಕ ಚಾಂದಿಬಾಯಿ ಕೈ ಇಳಿಸಿ ಹಿಂದೆಯೇ ಒಳಗೆ ಬರುತ್ತಿದ್ದಳು. ಅವಳು ನನಗಿಂತ ಹನ್ನೆರಡು ವರ್ಷ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಗಂಡ ಇಲ್ಲ, ಒಬ್ಬನೇ ಮಗ ರಾಜಕುಮಾರ್, ಸೊಸೆ. ಫೋನ್ ಇಟ್ಟ ಮೇಲೆ "ಎಲ್ಲಾ ಆರಾಮಾ?" ಅಂತ ನಾನು ಕೇಳಿದರೆ "ಆರಾಮು" ಅನ್ನುತ್ತಿದ್ದಳು. ಕೊರಳು ಹಿಡಿಯದೆ ಕೇಳಿದ ಪ್ರಶ್ನೆಗೆ ಅವಳ ಹತ್ತಿರ ಬೇರೆ ಉತ್ತರವೇ ಇರಲಿಲ್ಲ ಅನ್ನುವುದು ನನಗೆ ಹೊಳೆಯಲಿಲ್ಲ. ನನಗೆ ಹೊಳೆಯಬೇಕಿತ್ತು, ನಾನು ಅಲ್ಲಿಯವಳೇ.

ಈಗ ನಾವಿರುವುದು ಪಂಚಾಕ್ಷರಪ್ಪನವರ ಮನೆಯ ಮೇಲ್ಮಹಡಿಯಲ್ಲಿ. ಅಡಿಕೆ ವ್ಯಾಪಾರದ ಯಜಮಾನರು, ಹಣೆತುಂಬ ವಿಭೂತಿ, ದೊಡ್ಡ ಗೇಟು. ಬಾಡಿಗೆಗೆ ಕೇಳಲು ಹೋದಾಗ ಜಾತಿ ಕೇಳಿದರು, ಹೇಳಿದೆ. ಹಿಂದೆಮುಂದೆ ನೋಡದೆ ಕೀಲಿಕೈ ಕೊಟ್ಟರು. ಅವರ ಹೆಂಡತಿ ದಾಕ್ಷಾಯಿಣಮ್ಮ ಹಬ್ಬಕ್ಕೆ ಹೋಳಿಗೆ ಕಳಿಸುತ್ತಾರೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ಆದದ್ದಕ್ಕೆ ಯಾರ ಮೇಲಾದರೂ ಗೂಬೆ ಕೂರಿಸೋಣ ಅಂತ ನಾನು ಬಹಳ ಹುಡುಕಿದ್ದೇನೆ. ಯಾರೂ ಸಿಕ್ಕಿಲ್ಲ.

ನನ್ನ ಮಗಳು ಅಂಜಲಿ ಚಿತ್ರದುರ್ಗದಲ್ಲಿ ಡಿಗ್ರಿ ಓದುತ್ತಾಳೆ. ಹೋದ ಫೆಬ್ರವರಿಯಲ್ಲಿ ಅವರ ಕಾಲೇಜಿನಲ್ಲಿ ಎತ್ನಿಕ್ ಡೇ. ಎಲ್ಲರೂ ಅವರವರ ಸಂಪ್ರದಾಯದ ಬಟ್ಟೆ ಹಾಕಿಕೊಂಡು ಬರಬೇಕು, ವೇದಿಕೆ ಮೇಲೆ ನಡೆಯಬೇಕು, ಬಹುಮಾನ ಉಂಟು. "ಅಮ್ಮಾ, ಅಜ್ಜಿ ಡ್ರೆಸ್ ದೊಡ್ಡಮ್ಮನ ಹತ್ರ ಐತಲ್ಲ, ತರಿಸಮ್ಮ" ಅಂತ ಕುಣಿದಳು. ಬಾಡಿಗೆ ಅಂಗಡಿಯಲ್ಲೂ ಲಂಬಾಣಿ ಡ್ರೆಸ್ಸು ಸಿಗುತ್ತದಂತೆ, ಆದರೆ ಅದು ಪ್ಲಾಸ್ಟಿಕ್ ಕನ್ನಡಿಯದಂತೆ. ನಾನು ಅಕ್ಕನಿಗೆ ಫೋನು ಮಾಡಿದೆ. ರಾಜಕುಮಾರ್ ಕೈಯಲ್ಲಿ ಕಳಿಸು ಅಂದೆ. ಅಕ್ಕ "ನಾನೇ ತತ್ತೀನಿ ಬಿಡು, ನಿನ್ನ ನೋಡಂಗಾಗೈತೆ" ಅಂದಳು.

ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಂದಳು. ಕೆಳಗೆ ಅಂಗಳದಲ್ಲಿ ಪಂಚಾಕ್ಷರಪ್ಪನವರು ಅಡಿಕೆ ಮಂಡಿ ಕಡೆಯ ಇಬ್ಬರ ಜೊತೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಮೇಲಿನಿಂದ ನೋಡಿ ಮೆಟ್ಟಿಲಿಳಿದು ಓಡಿದೆ. ಅಕ್ಕ ಹೂವಿನ ಸೀರೆ ಉಟ್ಟಿದ್ದಳು. ಫೇಟಿಯಾ ಹಾಕಿಕೊಂಡು ಬಸ್ಸು ಹತ್ತುವುದನ್ನು ಅವಳು ಬಿಟ್ಟು ಮೂರು ವರ್ಷವಾಗಿತ್ತು. ಯಾರ್‍ಯಾರೋ ಕೇಳದೆ ಫೋಟೋ ಹೊಡೆಯುತ್ತಾರೆ ಅಂತ ಅವಳಿಗೆ ಬೇಸರ. ಬಗಲಲ್ಲಿ ಬಟ್ಟೆಗಂಟು. ಮೊದಲಿಗಿಂತ ತೆಳ್ಳಗಾಗಿದ್ದಾಳೆ ಅನ್ನಿಸಿತು. ಬಿಸಿಲಲ್ಲಿ ಬಂದಿದ್ದಾಳೆ ಅಂದುಕೊಂಡೆ.

ಈ ಸಲ ನನ್ನ ಕೈಯಲ್ಲಿ ಫೋನಿರಲಿಲ್ಲ. ಅವಳು ಗಂಟನ್ನು ನೆಲಕ್ಕಿಟ್ಟು ಎರಡೂ ಕೈಯಿಂದ ನನ್ನ ಕೊರಳು ಹಿಡಿದಳು. ಗೇಟಿನಲ್ಲೇ ಶುರುಮಾಡಿದಳು. "ಯಾಡೀ, ನಿನ್ನ ಸಣ್ಣ ಮಗಳ ಬಾಗಿಲಿಗೆ ಬಂದೀನಿ ಯಾಡೀ, ನೀನಿದ್ದಿದ್ದರೆ ನನ್ನ ಮುಂದೆ ನಡೀತಿದ್ದೆ ಯಾಡೀ..." ನಮ್ಮ ಭಾಷೆಯಲ್ಲಿ ಅದು ಉದ್ದ ಎಳೆಯುವ ದನಿ. ಎಷ್ಟು ವರ್ಷದ ಮೇಲೆ ಕೇಳಿದ್ದೆನೋ, ನನ್ನ ಕಣ್ಣಲ್ಲೂ ನೀರು ಬಂತು. ಅಷ್ಟರಲ್ಲಿ ಅಂಗಳದ ಕುರ್ಚಿಯೊಂದು ಸರಿದ ಸದ್ದಾಯಿತು. ಮಂಡಿಯವನೊಬ್ಬ ಎದ್ದು ಕತ್ತು ಉದ್ದ ಮಾಡಿ ನೋಡುತ್ತಿದ್ದ. ನನಗೆ ವಠಾರದ ಆ ನಾಲ್ಕು ಟವಲುಗಳು ನೆನಪಾದವು.

ನಾನು ಅಕ್ಕನ ಬಾಯಿಗೆ ಕೈ ಅಡ್ಡ ಇಟ್ಟೆ. ಹಾಗೆ ಸುಮ್ಮನೆ ಅಡ್ಡ ಇಟ್ಟೆ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಇಲ್ಲ, ಒತ್ತಿ ಮುಚ್ಚಿದೆ. "ಅಕ್ಕಾ, ಜನ ನೋಡ್ತಾ ಅವ್ರೆ. ಇಲ್ಲಿ ಬ್ಯಾಡ. ಕನ್ನಡದಾಗೆ ಮಾತಾಡು, ಬಾ ಮೇಲಕ್ಕೆ" ಅಂದೆ.

ಅಂಗೈಯೊಳಗೆ ಅವಳ ಬಾಯಿ ಇನ್ನೂ ಅಲುಗಾಡುತ್ತಿತ್ತು, ಆಮೇಲೆ ನಿಂತಿತು. ಅವಳು ಪಂಚಾಕ್ಷರಪ್ಪನವರ ಕಡೆ ತಿರುಗಿ, ಸೆರಗು ಸರಿಮಾಡಿಕೊಂಡು, "ಶರಣ್ರೀ ಯಜಮಾನ್ರೇ" ಅಂದಳು. ಅವರು "ಬರ್ರಿ ಬರ್ರಿ, ಆರಾಮಾ? ಬಿಸಿಲಾಗೆ ಬಂದೀರಿ, ನೀರು ಕುಡೀರಿ" ಅಂದರು. ಅಷ್ಟೇ. ಅವರಿಗೆ ಏನೂ ಅನ್ನಿಸಿರಲಿಲ್ಲ.

ಮೇಲೆ ಬಂದು ಕೂತಳು. ಚಹಾ ಕೊಟ್ಟೆ. ಅಂಜಲಿ ಬಟ್ಟೆಗಂಟು ಬಿಚ್ಚಿ ಕಿರುಚಿದಳು, ಮೈಗೆ ಹಿಡಿದುಕೊಂಡು ಕನ್ನಡಿಯ ಮುಂದೆ ತಿರುಗಿದಳು. ಅಕ್ಕ ಅವಳಿಗೆ ಲಾಡಿ ಕಟ್ಟುವುದು ಹೇಗೆ, ಮುಸುಕು ಎಲ್ಲಿ ಸಿಕ್ಕಿಸಬೇಕು ಎಲ್ಲ ತೋರಿಸಿದಳು. ನಡುನಡುವೆ ನನ್ನ ಮುಖ ನೋಡುತ್ತಿದ್ದಳು. ಅಂಜಲಿ ಸ್ನಾನಕ್ಕೆ ಹೋದಾಗ ನಾವಿಬ್ಬರೇ ಉಳಿದೆವು. "ಏನಕ್ಕ, ಸೊರಗೀಯಲ್ಲ, ಹುಷಾರೈತಾ?" ಅಂದೆ. ಅವಳ ಎಡಗೈ ಸೆರಗಿನೊಳಗೆ ಹೋಯಿತು, ಏನೋ ಹುಡುಕಿದ ಹಾಗೆ ಒಂದು ಕ್ಷಣ ಅಲ್ಲೇ ನಿಂತಿತು, ಹೊರಗೆ ಬಂತು. "ಆರಾಮು" ಅಂದಳು. ಆಮೇಲೆ ರಾಜಕುಮಾರ್ ಬೈಕು ತಗೊಂಡದ್ದು, ಸೊಸೆ ಸಂಘದ ಮೀಟಿಂಗಿಗೆ ಹೋಗುವುದು, ಇಂಥದ್ದೇ ಮಾತು. ಎರಡು ಗಂಟೆಯ ಬಸ್ಸಿಗೆ ಹೊರಟುಬಿಟ್ಟಳು.

ಸಾವಿರಾರು ಹೆಂಗಸರು ಸೆರಗಿನೊಳಗೆ ಕೈ ಇಟ್ಟು ಮಾತು ನುಂಗುವುದನ್ನು ನಾನು ನೋಡಿದ್ದೇನೆ. ಅವರನ್ನೆಲ್ಲ ಪರದೆಯ ಹಿಂದೆ ಕರೆದು, "ನಾಚ್ಕಬ್ಯಾಡ್ರಿ, ಎಷ್ಟು ದಿನದಿಂದ ಐತೆ ಹೇಳ್ರಿ" ಅಂತ ಕೇಳುವುದು ನನ್ನ ಕೆಲಸ. ಸ್ವಂತ ಅಕ್ಕನನ್ನು ಬಸ್ಸು ಹತ್ತಿಸಿ ಬಂದೆ.

ಅಂಜಲಿಗೆ ಮೊದಲ ಬಹುಮಾನ ಬಂತು. ವೇದಿಕೆಯ ಮೇಲೆ ಯಾರೋ ಅತಿಥಿಗಳು, ನಮ್ಮ ದೇಶದ ಸೊಬಗೇ ಇಂಥ ವೈವಿಧ್ಯ ಅಂತ ಮಾತಾಡಿದರಂತೆ. ಅವಳ ಫೋಟೋವನ್ನು ನಾನು ಸ್ಟೇಟಸ್ಸಿಗೆ ಹಾಕಿದೆ, "ನಮ್ಮ ಸಂಸ್ಕೃತಿ ನಮ್ಮ ಹೆಮ್ಮೆ" ಅಂತ ಮೇಲೆ ಬರೆದೆ. ಡಾಕ್ಟರು ಕೈ ಮುಗಿಯುವ ಗುರುತು ಕಳಿಸಿದರು. ಹಳೆಯ ವಠಾರದವರು ಹೃದಯ ಕಳಿಸಿದರು. ದಾಕ್ಷಾಯಿಣಮ್ಮ ಮೆಟ್ಟಿಲು ಹತ್ತಿ ಬಂದು, "ಎಷ್ಟ್ ಚಂದ ಕಾಣ್ತಾಳ್ರಿ ನಮ್ಮ ಅಂಜಲಿ! ನಿಮ್ಮೋರ ಬಟ್ಟೆ ನೋಡ್ತಾ ಕುಂತ್ಕಬೇಕು ಅನ್ನುತ್ತೆ. ನೀವ್ಯಾಕ್ರಿ ಒಂದಿನಾನೂ ಹಾಕ್ಕಳಲ್ಲ?" ಅಂದರು. ನಾನು ಉಬ್ಬಿ ಹೋದೆ. ಗೇಟಿನಲ್ಲಿ ಅಕ್ಕನ ಬಾಯಿ ಮುಚ್ಚಿ ಆಗ ಐದೇ ದಿನ ಆಗಿತ್ತು.

ಜುಲೈನಲ್ಲಿ ರಾಜಕುಮಾರ್ ಫೋನು ಮಾಡಿದ. "ಚಿಕ್ಕಮ್ಮಾ, ಅವ್ವಂಗೆ ಉಸಿರಾಡಾಕೆ ಆಗ್ತಾ ಇಲ್ಲ. ಎದೆ ಮೇಲೆ ಹುಣ್ಣಾಗೈತಂತೆ, ನಿನ್ನೆ ನನ್ನ ಹೆಂಡ್ತಿ ನೋಡಿದ್ಲು. ಯಾರಿಗೂ ಹೇಳಿಲ್ಲ ಅವ್ವ." ನಾನೇ ದಾವಣಗೆರೆಗೆ ಕರೆದುಕೊಂಡು ಹೋದೆ. ಡಾಕ್ಟರು ಸ್ಕ್ಯಾನ್ ನೋಡಿ, ನಾನೂ ನರ್ಸ್ ಅಂತ ಗೊತ್ತಾದ ಮೇಲೆ ಸುತ್ತಿ ಬಳಸದೆ ಹೇಳಿದರು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹೋಗಿದೆ ಸಿಸ್ಟರ್, ಐದಾರು ತಿಂಗಳ ಹಿಂದೆ ಬಂದಿದ್ದರೆ ಏನಾದರೂ ಮಾಡಬಹುದಿತ್ತು. ನಾನು ಬೆರಳು ಮಡಚಿ ಎಣಿಸಿದೆ. ಫೆಬ್ರವರಿಯಿಂದ ಎಣಿಸಿದೆ.

ವಾರ್ಡಿಗೆ ಬಂದು ಅಕ್ಕನ ಮೇಲೆ ಸಿಟ್ಟು ಮಾಡಿದೆ. ಅಳು ಬರುವ ಕಡೆಯೆಲ್ಲ ನನಗೆ ಸಿಟ್ಟೇ ಬರುವುದು. "ನಾನೇನು ಸತ್ತಿದ್ನಾ? ಒಂದು ಫೋನು ಮಾಡಾಕೆ ಆಗಲಿಲ್ವಾ ನಿಂಗೆ?"

ಅವಳು ನನ್ನನ್ನೇ ನೋಡಿದಳು. "ಫೋನಾಗೆ ಹೆಂಗೆ ಅಳಾದು ರೂಪ್ಲಿ?" ಅಂದಳು.

ಅವಳೇ ಮುಂದುವರಿಸಿದಳು, ಒಂದೊಂದು ಮಾತಿಗೂ ನಿಂತು ಉಸಿರು ತಗೊಂಡು. "ಅವತ್ತು ಹೇಳಾಣ ಅಂತ್ಲೇ ಬಂದಿದ್ದೆ. ಆಗ ನಿಂಬೆಕಾಯಿಯಷ್ಟಿತ್ತು. ದಾರಿಯುದ್ದಕ್ಕೂ ಬಸ್ಸಾಗೆ ಮಾತು ಜೋಡಿಸ್ಕಂಡು ಬಂದಿದ್ದೆ. ಯಾಡಿ ಆದ್ಮೇಲೆ ಅಪ್ಪನ ಹೆಸ್ರು, ಆಮೇಲೆ ನಮ್ಮ ಯಜಮಾನ್ರುದು, ಆಮೇಲೆ ನಂದು. ಅಷ್ಟರಾಗೆ ನೀನು ಬ್ಯಾಡ ಅಂದೆ. ಆಮೇಲೆ ಚಾ ಕೊಟ್ಟೆ. ಚಾ ಕುಡೀತಾ ಕುಂತು ಅಂಥಾದ್ದು ಹೇಳಾಕಾಗುತ್ತಾ?"

"ನಾನು ಹುಷಾರೈತಾ ಅಂತ ಕೇಳಿದ್ನಲ್ಲಕ್ಕ."

"ಕೇಳ್ದೆ. ಆಸ್ಪತ್ರೆಯೋರು ಕೇಳ್ದಂಗೆ ಕೇಳ್ದೆ."

ಅದರಲ್ಲಿ ಚುಚ್ಚುವ ದನಿಯಿರಲಿಲ್ಲ. ಚುಚ್ಚಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಮಂಚದ ಮೇಲೆ ಹತ್ತಿ ಕೂತು ಅವಳ ಕೈಯನ್ನು ನನ್ನ ಕೊರಳಿಗೆ ಹಾಕಿಕೊಂಡೆ. "ಈಗ ಅಳಕ್ಕ. ಎಷ್ಟೊತ್ತು ಬೇಕಾದ್ರೂ ಅಳು, ನಾನು ಕೇಳ್ತೀನಿ" ಅಂದೆ. ಅವಳು ಅಕ್ಕಪಕ್ಕದ ಮಂಚಗಳ ಕಡೆ ಕಣ್ಣಾಡಿಸಿದಳು. ಒಬ್ಬ ಮುದುಕಿ, ಡ್ರಿಪ್ ಹಾಕಿಸಿಕೊಂಡ ಒಬ್ಬ ಹೆಂಗಸು, ಅವರ ಕಡೆಯವರು.

"ಬ್ಯಾಡ" ಅಂದಳು ಪಿಸುದನಿಯಲ್ಲಿ. "ಜನ ಅವ್ರೆ."

ಸೆಪ್ಟೆಂಬರಿನಲ್ಲಿ ತೀರಿಕೊಂಡಳು. ಕಡೆಯ ಒಂದೂವರೆ ತಿಂಗಳು ಅವಳು ತಾಂಡಾದಲ್ಲೇ ಇದ್ದಳು, ನಾನು ಭಾನುವಾರ ಭಾನುವಾರ ಹೋಗಿ ಡ್ರೆಸ್ಸಿಂಗ್ ಮಾಡಿ ಬರುತ್ತಿದ್ದೆ. ಆಗೆಲ್ಲ ಅವಳಿಗೆ ಮಾತಾಡುವಷ್ಟು ಉಸಿರಿರಲಿಲ್ಲ, ರಾಗ ಎಳೆಯುವುದು ದೂರದ ಮಾತು. ನಾನೇ ಶುರುಮಾಡೋಣ ಅಂತ ಒಂದು ಸಲ ಬಾಯಿ ತೆರೆದೆ. "ಯಾಡೀ" ಅಂದೆ, ಮುಂದಿನದು ಬರಲಿಲ್ಲ. ನಮ್ಮ ಭಾಷೆಯ ಮಾತುಗಳು ನನ್ನಲ್ಲಿ ಇನ್ನೂ ಇದ್ದವು, ಉಪ್ಪು ಕೊಡು, ಬಾಗಿಲು ಹಾಕು, ಎಲ್ಲಾ ಇದ್ದವು. ಅವುಗಳನ್ನು ಅಳುವಿಗೆ ಜೋಡಿಸುವುದು ಮರೆತಿತ್ತು. ಕನ್ನಡದಲ್ಲಿ ಎರಡು ಮಾತು ಸೇರಿಸಿ ಎಳೆದೆ. ಅಕ್ಕನಿಗೆ ನಗು ಬಂತು, ನಗುವಿಗೆ ಕೆಮ್ಮು ಬಂತು. ಸುಮ್ಮನಾಗು ಅಂತ ಕೈಯಲ್ಲೇ ಸನ್ನೆ ಮಾಡಿ ನನ್ನ ತಲೆ ಸವರಿದಳು.

ಸತ್ತ ದಿನ ನಾನೂ ಅಂಜಲಿಯೂ ಬೆಳಿಗ್ಗೆ ಎಂಟಕ್ಕೆಲ್ಲ ತಾಂಡಾ ಸೇರಿದೆವು. ಅಂಗಳದಲ್ಲಿ ಅಕ್ಕನನ್ನು ಮಲಗಿಸಿದ್ದರು. ಹೊತ್ತು ಏರುತ್ತಿದ್ದಂತೆ ಸುತ್ತಲಿನ ತಾಂಡಾಗಳಿಂದ ಹೆಂಗಸರು ಟ್ರ್ಯಾಕ್ಟರುಗಳಲ್ಲಿ ಬಂದಿಳಿದರು. ಅರ್ಧಕ್ಕರ್ಧ ಸೀರೆಯವರು, ಕೆಲವರು ನೈಟಿಯ ಮೇಲೆ ಟವಲ್ ಹೊದ್ದವರು, ಫೇಟಿಯಾದವರು ಮೂವರೋ ನಾಲ್ವರೋ. ಆದರೆ ಅಂಗಳಕ್ಕೆ ಕಾಲಿಟ್ಟ ಕೂಡಲೇ ಎಲ್ಲರ ದನಿಯೂ ಒಂದೇ ಆಯಿತು. ಬಂದವರು ಮೊದಲು ಅಕ್ಕನ ಕಾಲ ಹತ್ತಿರ ಕೂತು ಅತ್ತರು. ಆಮೇಲೆ ಎದ್ದು ಒಬ್ಬೊಬ್ಬರನ್ನೇ ಹಿಡಿದು ಅತ್ತರು. ಸೊಸೆಯ ಕೊರಳು ಹಿಡಿದರು. ನೆರೆಮನೆಯವಳ ಕೊರಳು ಹಿಡಿದರು. ಅಂಜಲಿಯನ್ನೂ ಬಿಡಲಿಲ್ಲ. ಅವಳಿಗೆ ಒಂದು ಮಾತೂ ತಿಳಿಯದು, ಆದರೂ ಯಾರದೋ ಭುಜಕ್ಕೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು, ಆ ಹೆಂಗಸು ಅವಳ ಬೆನ್ನು ಸವರುತ್ತಾ ಅವಳ ಪಾಲಿನದನ್ನೂ ಸೇರಿಸಿ ಹಾಡಿದಳು.

ನಾನು ಅಂಜಲಿಯ ಪಕ್ಕದಲ್ಲೇ ಇದ್ದೆ. ಮುಂದಿನ ಸರದಿ ನನ್ನದು. ಈ ಸಲ ತಪ್ಪಿಸಿಕೊಳ್ಳಬಾರದು ಅಂತ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದೆ. ನನ್ನ ಹತ್ತಿರ ಬಂದ ಮೊದಲನೆಯವಳು ಕಣ್ಣೊರೆಸಿಕೊಂಡು ನಿಂತಳು, ಕೈ ಮುಗಿದಳು. "ನಮಸ್ಕಾರ ಮೇಡಂ" ಅಂದಳು ಕನ್ನಡದಲ್ಲಿ. ಮುಂದೆ ಹೋದಳು. ಎರಡನೆಯವಳೂ ಹಾಗೇ ಮಾಡಿದಳು. ಮೂರನೆಯವಳು ಯಾರನ್ನೋ ಕೂಗಿ ಪ್ಲಾಸ್ಟಿಕ್ ಕುರ್ಚಿ ತರಿಸಿ, ಕೈಯಿಂದಲೇ ಧೂಳು ಒರೆಸಿ, "ಕುಂತ್ಕಳ್ರಿ ಮೇಡಂ" ಅಂದಳು. ಆ ಅಂಗಳದಲ್ಲಿ ಗಂಡಸರಿಗೂ ಕುರ್ಚಿ ಇರಲಿಲ್ಲ.

ಹೀಗೆ ಇಪ್ಪತ್ತು ಜನ ಬಂದಿರಬೇಕು. ಕೊನೆಗೆ ಸೋಮ್ಲಿಬಾಯಿ ಬಂದಳು. ಯಾಡಿಯ ಓರಗೆಯವಳು, ನಾನು ಹುಟ್ಟುವಾಗ ಹೆರಿಗೆ ಮಾಡಿಸಿದವಳು. ಅವಳೂ ಕೈ ಮುಗಿದಾಗ ನಾನು ಕುರ್ಚಿಯಿಂದ ಎದ್ದು ಅವಳ ಮುಂಗೈ ಹಿಡಿದೆ. ನನಗೆ ನಮ್ಮ ಭಾಷೆಯಲ್ಲೇ ಕೇಳಬೇಕು ಅನ್ನಿಸಿತು, ಕೇಳಿದೆ. ಯಾಕೆ ನನ್ನನ್ನು ಯಾರೂ ಹಿಡಿಯುತ್ತಿಲ್ಲ? ನಾನು ಅವಳ ತಂಗಿಯಲ್ಲವಾ?

ಸೋಮ್ಲಿಬಾಯಿ ಕನ್ನಡದಲ್ಲೇ ಉತ್ತರ ಕೊಟ್ಟಳು, ನನಗೆ ಅದೇ ಸಲೀಸು ಅಂದುಕೊಂಡು. "ಚಾಂದಿ ಹೇಳಿಟ್ಟು ಹೋಗ್ಯಾಳೆ ಮೇಡಂ. ಹಾಸಿಗೇಲಿ ಮಲಗಿದ್ದಾಗ ನೋಡಾಕೆ ಬಂದೋರಿಗೆಲ್ಲ ಹೇಳಿದ್ಲು. ನಾನು ಸತ್ತಾಗ ನನ್ನ ತಂಗಿ ಬರ್ತಾಳೆ, ಅವ್ಳು ದೊಡ್ಡ ಊರಾಗೆ ಇರಾಳು, ಅವಳಿಗೆ ಹಿಂಗೆಲ್ಲ ಅತ್ರೆ ಮರ್ಯಾದಿ ಹೋದಂಗಾಗುತ್ತೆ, ಅವಳನ್ನ ಯಾರೂ ಹಿಡ್ಕಂಡು ಅಳಬ್ಯಾಡ್ರಿ ಅಂತ. ನಮ್ಮ ಕೈಲಿ ಆಣೆ ಹಾಕಿಸ್ಕಂಡವ್ಳೆ."

ನಾನು ಅವಳ ಕೊರಳು ತಬ್ಬಿದೆ. ನಾನೇ ಮೊದಲು ತಬ್ಬಿದೆ. ಸೋಮ್ಲಿಬಾಯಿ ಅಲುಗದೆ ನಿಂತಳು. ಕೈ ಮೇಲೆತ್ತಲಿಲ್ಲ, ದೂಡಲೂ ಇಲ್ಲ. ಅವಳು ಕಾಯುತ್ತಿದ್ದಾಳೆ ಅಂತ ಗೊತ್ತಾಯಿತು. ನಾನು ಯಾಡಿಯ ಹೆಸರು ಹಿಡಿದು ಕರೆದರೆ ಅವಳು ಆ ರಾಗ ಎತ್ತಿಕೊಳ್ಳುತ್ತಿದ್ದಳು, ಚಾಂದಿಗೆ ಕೊಟ್ಟ ಮಾತನ್ನು ಮುರಿದಾದರೂ ಎತ್ತಿಕೊಳ್ಳುತ್ತಿದ್ದಳು. ನನ್ನ ಗಂಟಲಿನಿಂದ ಬಂದದ್ದು ಬರೀ ಬಿಕ್ಕು, ಯಾರ ಮನೆಯಲ್ಲಾದರೂ ಯಾರಾದರೂ ಬಿಕ್ಕುವಂಥ ಬಿಕ್ಕು. ಅದರಲ್ಲಿ ಒಂದು ಹೆಸರೂ ಇರಲಿಲ್ಲ, ಒಂದು ಮಾತೂ ಇರಲಿಲ್ಲ.

ಸ್ವಲ್ಪ ಹೊತ್ತು ನೋಡಿ ಸೋಮ್ಲಿಬಾಯಿ ನನ್ನ ಕೈಗಳನ್ನು ಮೆಲ್ಲಗೆ ಬಿಡಿಸಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. "ಯಾರಾದ್ರೂ ಮೇಡಂಗೆ ನೀರು ಕೊಡ್ರಿ" ಅಂತ ಒಳಗೆ ಕೂಗಿ ಹೇಳಿ, ಅಂಜಲಿಯ ಕಡೆ ಹೋದಳು.